ಮದ್ದು ಮತ್ತು ಬೆಣೆ

ಮದ್ದು ಸಿಡಿಯಿತು. ಹೊಳೆ ದಂಡೆಯ ಬಂಡೆ ಅರ್ಧಕ್ಕರ್ಧ ಜಲ್ಲಿಯಾಗಿ ಬಿತ್ತು.

ಆಶ್ರಮದ ಕಟ್ಟೆಗೆ ಬೇಕಾಗಿದ್ದದ್ದು ಚಪ್ಪಡಿ ಕಲ್ಲು. ಶಿಷ್ಯ ಹುಲುಗಪ್ಪನಿಗೆ ಸಿಕ್ಕಿದ್ದು ಬುಟ್ಟಿಯಲ್ಲಿ ಹೊರುವಂಥ ಚೂರು.

ಗುರುಗಳು ಒಂದು ಚೂರನ್ನೆತ್ತಿ ನೋಡಿದರು.

"ನಾನು ಕೇಳಿದ್ದು ಕಲ್ಲು. ಚಟ್ನಿ ಅರೆದಿದ್ದೀಯ."

"ನಾಳೆ ಅಣ್ಣ ಬರ್ತಾನೆ. ಅಷ್ಟರೊಳಗೆ ಕೆಲಸ ಮುಗಿಸೋಣ ಅಂತ, ಗುರುಗಳೇ."

"ಕಟ್ಟೆ ಮೇಲೆ ಅವನನ್ನು ಕೂರಿಸೋಕೋ?"

"ನಿಲ್ಲಿಸಿ ಕೇಳೋಕೆ." ಹುಲುಗಪ್ಪನ ದನಿ ಏರಿತು. "ಅವ್ವ ಸತ್ತಳು. ಅವನು ಹೇಳಿ ಕಳಿಸಲಿಲ್ಲ. ಆಶ್ರಮ ಸೇರಿದವನಿಗೆ ಸೂತಕವಿಲ್ಲವಂತೆ! ನನಗಿನ್ನೂ ದೀಕ್ಷೆಯೇ ಆಗಿಲ್ಲ. ಅದನ್ನೂ ಕೇಳ್ತೀನಿ, ಚಿಕ್ಕಂದಿನಿಂದ ಮಾಡಿದ್ದನ್ನೆಲ್ಲ ಕೇಳ್ತೀನಿ. ಒಂದೂ ಬಿಡೋದಿಲ್ಲ. ಆಮೇಲೆ ಅವನ ದಾರಿ ಅವನಿಗೆ."

ಗುರುಗಳು ಉಳಿದ ಬಂಡೆಯಲ್ಲಿ ಸಾಲಾಗಿ ಕುಳಿ ಹೊಡೆಸಿದರು. ಒಣಮರದ ಬೆಣೆಗಳನ್ನು ಜಡಿಸಿದರು.

"ನೀರು ಹೊಯ್ಯಿ."

"ಎಲ್ಲಿಯ ತನಕ?"

"ಮರ ಉಬ್ಬೋ ತನಕ."

ಬೆಳಗಾಗುವಾಗ ಬಂಡೆ ಒಂದೇ ಗೆರೆಯಲ್ಲಿ ಸೀಳಿ ಎರಡಾಗಿತ್ತು.

ಹುಲುಗಪ್ಪ ಸೀಳಿನ ಮೇಲೆ ಕೈಯಾಡಿಸಿದ. "ಅದೇ ಬಂಡೆ. ನಿನ್ನೆ ಯಾಕೆ ಚೂರಾಯ್ತು?"

"ಅದರೊಳಗೆ ಕಣ್ಣಿಗೆ ಕಾಣದ ಬಿರುಕು ಎಷ್ಟೋ. ನಿಧಾನ ಒತ್ತಿದರೆ ಒಂದು ಬಾಯಿ ಬಿಡುತ್ತೆ. ಅಷ್ಟಕ್ಕೇ ಬಿಗಿ ಸಡಿಲಾಗಿ, ಉಳಿದವು ಸುಮ್ಮನಿರುತ್ತವೆ."

"ಮದ್ದು ಇಟ್ಟರೆ?"

"ಅದು ಕಾಯೋದಿಲ್ಲ. ಒಂದು ಬಾಯಿ ಬಿಡೋದರೊಳಗೆ ಎಲ್ಲವೂ ಬಿಟ್ಟಿರುತ್ತವೆ."

ಹುಲುಗಪ್ಪನಿಗೆ ಒಪ್ಪಲು ಮನಸ್ಸಾಗಲಿಲ್ಲ. "ಬೆಣೆಯೂ ಒಡೆಯಿತಲ್ಲ, ಗುರುಗಳೇ."

"ಒಡೆಯಬೇಡ ಅಂದೆನಾ?"

ಮಧ್ಯಾಹ್ನ ಅಣ್ಣ ನಾಗೇಂದ್ರಪ್ಪ ಬಂದ. ಬಾಗಿಲಲ್ಲೇ ತಲೆ ತಗ್ಗಿಸಿ ನಿಂತ.

ಹುಲುಗಪ್ಪನ ಬಾಯಿಗೆ ಎಲ್ಲವೂ ಒಟ್ಟಿಗೆ ಬಂತು. ನುಂಗಿಕೊಂಡ.

"ಅವ್ವ ನನ್ನ ಕೇಳಿದಳಾ?"

ಅಣ್ಣ ನೆಲಕ್ಕೆ ಕುಸಿದ.

"ಕಡೇ ಉಸಿರಿನ ತನಕ ನಿನ್ನನ್ನೇ ಕೇಳಿದಳು ಕಣೋ. ನಾನು ಊರವರ ಮಾತು ಕೇಳಿ ಕೆಟ್ಟೆ."

ಹುಲುಗಪ್ಪ ನಿಂತೇ ಇದ್ದ. ಆಮೇಲೆ ಅವನ ಪಕ್ಕದಲ್ಲಿ ಕೂತ.

ಗುರುಗಳು ಒಳಗಿನಿಂದ ಕೂಗಿದರು.

"ಅನ್ನ ಆರ್ತಾ ಇದೆ. ಇಬ್ಬರೂ ಕೈತೊಳೀರಿ."