ಅರಮನೆಯ ಆಳು, ಛತ್ರದ ಊಟ

"ಗುರುಗಳೇ, ಹಸಿದವರಿಗೆ ಅನ್ನ ಹಾಕಿದ ಪುಣ್ಯ ಎಂಥದು?" ಎಂದು ಶಿಷ್ಯನೊಬ್ಬ ಕೇಳಿದ. ಅವನು ಅರಮನೆಯ ಉಗ್ರಾಣದ ಅಧಿಕಾರಿಯಾಗಿದ್ದ. ಗುರು ಒಂದು ಕತೆ ಹೇಳಿದರು.

ಒಬ್ಬ ರಾಜನಿದ್ದ. ಅವನ ಛತ್ರದಲ್ಲಿ ದಿನವೂ ಬಂದವರಿಗೆಲ್ಲ ಊಟ. ಹಬ್ಬದ ದಿನ ತಾನೇ ಸೌಟು ಹಿಡಿದು ಬಡಿಸುತ್ತಿದ್ದ. ಹೊಗಳುಭಟ್ಟರು ಅವನನ್ನು ಅನ್ನದಾತ ಎಂದು ಹಾಡುತ್ತಿದ್ದರು.

ಅದೇ ಅರಮನೆಯ ಅಂಗಳ ಗುಡಿಸುತ್ತಿದ್ದವಳು ಬರಮವ್ವ. ಗಂಡ ತೀರಿಕೊಂಡಿದ್ದ, ಮಕ್ಕಳು ಚಿಕ್ಕವರು. ಮೊದಲು ಅವಳಿಗೆ ಉಗ್ರಾಣದಿಂದಲೇ ಜೋಳ ಸಿಗುತ್ತಿತ್ತು. ಮನೆಮಂದಿಯ ಹೊಟ್ಟೆ ತುಂಬುತ್ತಿತ್ತು. ಒಂದು ವರ್ಷ ಮಂತ್ರಿ ಖರ್ಚು ಉಳಿಸಲು ಹೊರಟ. ಗುಡಿಸುವುದು, ನೀರು ಹೊರುವುದು, ಕಾವಲು ಎಲ್ಲವನ್ನೂ ಕಡಿಮೆಗೆ ಒಪ್ಪಿದ ಗುತ್ತಿಗೆದಾರನಿಗೆ ವಹಿಸಿದ. ಅವನು ಆಳುಗಳ ಪಾಲನ್ನು ಕತ್ತರಿಸಿ ತನ್ನ ಲಾಭ ತೆಗೆದ. ಕೆಲಸ ಅಷ್ಟೇ ಇತ್ತು, ಜೋಳ ಅರ್ಧವಾಯಿತು. ಬರಮವ್ವ ಮಂತ್ರಿಯ ಬಳಿ ಹೋದಳು. ಅವಳು ಗುತ್ತಿಗೆದಾರನ ಆಳೇ ಹೊರತು ಅರಮನೆಯ ಆಳಲ್ಲ ಎಂದು ಮಂತ್ರಿಯ ಕಡೆಯವರು ಬಾಗಿಲಲ್ಲೇ ಅಟ್ಟಿದರು.

ಮಕ್ಕಳ ಅಳು ಕೇಳಲಾರದೆ ಒಂದು ಹಬ್ಬದ ದಿನ ಅವರನ್ನು ಛತ್ರಕ್ಕೆ ಕರೆದುಕೊಂಡು ಹೋದಳು. ಮುಖದ ಮೇಲೆ ಸೆರಗು ಎಳೆದುಕೊಂಡು ಪಂಕ್ತಿಯ ಕೊನೆಯಲ್ಲಿ ಕೂತಳು. ಬಡಿಸುತ್ತ ಬಂದ ರಾಜ ಅವಳ ಸೊಂಟದಲ್ಲಿ ಅರಮನೆಯಲ್ಲಿ ದುಡಿಯುವವರು ಕಟ್ಟುವ ಹಿತ್ತಾಳೆ ಬಿಲ್ಲೆ ಕಂಡ.

"ದುಡಿಯುವ ಕೈಯಿದ್ದೂ ತಿರುಪೆ ಊಟಕ್ಕೆ ಕೂತಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ?" ಎಂದು ಗದರಿದ.

ಎಲ್ಲರೆದುರು ಎಬ್ಬಿಸಿದ. ಬಿಲ್ಲೆ ಕಟ್ಟಿದವರಿಗೆ ಇನ್ನು ಛತ್ರದಲ್ಲಿ ಊಟವಿಲ್ಲ ಎಂದು ಸಾರಿದ. ಎದ್ದ ಮಕ್ಕಳ ಕೈಯಲ್ಲಿ ತುತ್ತು ಹಾಗೇ ಇತ್ತು. ಅದನ್ನು ನೋಡಿ ಬರಮವ್ವನ ನಾಚಿಕೆ ಸತ್ತುಹೋಯಿತು. ಸಿಟ್ಟು ಮಾತ್ರ ಉಳಿಯಿತು.

ಮರುದಿನ ಅವಳು ಬಿಲ್ಲೆ ಬಿಚ್ಚಿ ಅರಮನೆಯ ಹೊಸ್ತಿಲ ಮೇಲಿಟ್ಟಳು. ನೇರ ಛತ್ರಕ್ಕೆ ಹೋಗಿ ಪಂಕ್ತಿಯ ಮೊದಲಲ್ಲೇ ಕೂತಳು, ಮುಖ ಮುಚ್ಚದೆ. ಅವಳನ್ನು ನೋಡಿ ತಮ್ಮ ಬಿಲ್ಲೆಗಳನ್ನೂ ಬಿಚ್ಚಿಟ್ಟು ನೀರು ಹೊರುವವರು ಬಂದರು, ಕಾವಲಿನವರು ಬಂದರು. ಅರಮನೆಯ ಅಂಗಳದಲ್ಲಿ ಕಸ ರಾಶಿಬಿತ್ತು. ಕುದುರೆಗಳಿಗೆ ನೀರು ಹಾಕುವವರಿರಲಿಲ್ಲ. ರಾಜನೇ ಛತ್ರಕ್ಕೆ ಬಂದು ಇದೇನೆಂದು ಕೇಳಿದ.

"ಒಡೆಯಾ, ನಿಮ್ಮ ಕೆಲಸ ಮಾಡಿದರೆ ಉಪವಾಸ, ಬಿಟ್ಟರೆ ಊಟ. ಮಕ್ಕಳನ್ನು ಸಾಕಬೇಕಾದವಳು ಯಾವುದನ್ನು ಹಿಡಿಯಲಿ?" ಎಂದಳು ಬರಮವ್ವ.

ರಾಜ ಪಂಕ್ತಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಕೂತವರಲ್ಲಿ ಹೆಚ್ಚಿನವರು ಅವನ ಆಳುಗಳೇ. ಅಂದೇ ಗುತ್ತಿಗೆ ರದ್ದು ಮಾಡಿದ. ಮನೆಮಂದಿ ಉಂಡು ಉಡುವಷ್ಟನ್ನು ಪ್ರತಿ ಆಳಿಗೂ ಉಗ್ರಾಣದಿಂದಲೇ ಅಳೆದು ಕೊಡಿಸಿದ. ಬರಮವ್ವ ಮತ್ತೆ ಪೊರಕೆ ಹಿಡಿದಳು. ಅವಳ ಮಕ್ಕಳು ಮನೆಯ ಒಲೆಯ ಮುಂದೆ ಕೂತು ಉಂಡರು. ಛತ್ರದಲ್ಲಿ ದಿಕ್ಕಿಲ್ಲದ ಕೆಲವರಷ್ಟೇ ಉಳಿದರು. ಹೊಗಳುಭಟ್ಟರು ಬೇರೆ ರಾಜನನ್ನು ಹುಡುಕಿಕೊಂಡು ಹೋದರು.

ಶಿಷ್ಯ ಮರುಗಿದ. "ಅಯ್ಯೋ ಗುರುಗಳೇ, ಹಾಗಾದರೆ ಆ ರಾಜನ ಪುಣ್ಯ ಕಡಿಮೆಯಾಯಿತಲ್ಲ!"

"ಇದ್ದರೆ ತಾನೇ ಕಡಿಮೆಯಾಗುವುದು?" ಎಂದರು ಗುರು.