ತಾಯಿ ಉಂಡದ್ದು

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮೂರ ಸೂಲಗಿತ್ತಿ ಬಸಲಿಂಗವ್ವ. ಆಕೆ ಹೇಳಿದಂತೆಯೇ ಹೇಳುತ್ತೇನೆ.

ಹೊಳೆದಂಡೆಯ ಮಠದ ಹಿಂದೆ ವಿರೂಪಾಕ್ಷಯ್ಯ ಎಂಬ ಗುರುಗಳಿದ್ದರು. ಶರೀರಶಾಸ್ತ್ರ ಓದಿದವರು. ಸಕ್ಕರೆ ಕಾಯಿಲೆಯ ಬೇರು ಎಲ್ಲಿದೆಯೆಂದು ನಲವತ್ತು ವರ್ಷ ಹುಡುಕಿದವರು. ಹಳ್ಳಿ ಹಳ್ಳಿ ತಿರುಗಿ ಆಗತಾನೇ ಹುಟ್ಟಿದ ಕೂಸುಗಳನ್ನು ತೂಗಿದರು. ಆ ಕೂಸುಗಳು ಬೆಳೆದು ಮಕ್ಕಳೊಂದಿಗರಾದಾಗ ಮತ್ತೆ ಹೋಗಿ ಅವರ ರಕ್ತ ನೋಡಿದರು. ತಾಯಿಯ ಹೊಟ್ಟೆಯೊಳಗೆ ಹಸಿದಿದ್ದ ಕೂಸಿಗೇ ಮುಂದೆ ಆ ಕಾಯಿಲೆ ಹೆಚ್ಚೆಂದು ಕಂಡುಕೊಂಡರು.

ಅಷ್ಟರಲ್ಲಿ ಅದೇ ಕಾಯಿಲೆ ಅವರ ಎರಡು ಕಾಲ್ಬೆರಳು ತಿಂದಿತ್ತು.

ಶಿಷ್ಯ ಕಲ್ಮೇಶ ಅವರ ದಪ್ಪ ಪುಸ್ತಕವನ್ನು ತುಂಬುತ್ತಿದ್ದ. ಕೂಸಿನ ಹೆಸರು, ತೂಕ, ಕೊನೆಯ ಅಂಕಣದಲ್ಲಿ 'ತಾಯಿ ಉಂಡದ್ದು'.

ಒಂದು ದಿನ ಕೇಳಿದ: "ಗುರುಗಳೇ, ಇಷ್ಟೆಲ್ಲಾ ಬರದೀವಿ. ಇದಕ್ಕ ಮದ್ದು ಯಾವಾಗ ಸಿಗತೈತ್ರಿ?"

"ನಿನ್ನ ಹೇಣ್ತಿಗೆ ಈಗ ಎಷ್ಟು ತಿಂಗಳು?"

"ಏಳು. ಎರಡನೇದು, ಅದಕ್ಕ ತವರಿಗೆ ಕಳಿಸಿಲ್ರಿ."

"ನಿನ್ನೆ ಏನ್ ಉಂಡ್ಳು?"

ಕಲ್ಮೇಶ ನಕ್ಕ. "ಅದೆಲ್ಲಾ ನಮ್ಮವ್ವ ನೋಡ್ಕೋತಾಳ್ರಿ."

"ಎಂಟು ದಿನ ಇಲ್ಲಿಗೆ ಬರಬ್ಯಾಡ. ಅಡಿಗಿಮನ್ಯಾಗ ಕುಂತು ನೋಡು."

ಕಲ್ಮೇಶನಿಗೆ ಅವಮಾನವಾಯಿತು. ಓದಿದ ಗಂಡಸು ಒಲೆಯ ಮುಂದೆ ಕೂತು ಹೆಂಡತಿಯ ತುತ್ತು ನೋಡುವುದೇ? ಪಡಸಾಲೆಯಲ್ಲೇ ಕೂತು ಎಂಟು ದಿನದಲ್ಲಿ ಆ ಪುಸ್ತಕದ ನೂರು ಹಾಳೆ ನಕಲು ಮಾಡಿದ. ಹೆಂಡತಿ ನೀಲವ್ವ ಚಹಾ ತಂದಿಟ್ಟು ಹೋಗುವಳು. ಅವನು ತಲೆ ಎತ್ತಲಿಲ್ಲ.

ಒಂಬತ್ತನೆಯ ದಿನ ಹಾಳೆಗಳನ್ನು ಗುರುಗಳ ಮುಂದಿಟ್ಟ.

"ಏನ್ ಉಂಡ್ಳು?"

ಕಲ್ಮೇಶ ಹಾಳೆಗಳನ್ನು ಇನ್ನಷ್ಟು ಮುಂದಕ್ಕೆ ಸರಿಸಿದ. ಗುರುಗಳು ಹಾಳೆಗಳನ್ನು ಮುಟ್ಟಲಿಲ್ಲ.

ದಿನ ತುಂಬಿ ನೀಲವ್ವ ಹೆತ್ತಳು. ಗುರುಗಳು ಕೋಲೂರಿಕೊಂಡು, ತಕ್ಕಡಿ ಹಿಡಿದು ಬಂದರು. ಹೆಣ್ಣುಕೂಸು. ಬಟ್ಟೆಯ ಜೋಲಿಯಲ್ಲಿಟ್ಟು ತೂಗಿದರೆ ಎರಡು ಕಿಲೋ ಸಹ ಇರಲಿಲ್ಲ.

ಕಲ್ಮೇಶನ ತಾಯಿ ಬಾಗಿಲಲ್ಲಿ ನಿಂತು ಹೇಳಿದಳು: "ಹೆರಿಗಿ ಸಲೀಸಾತು ನೋಡ್ರಿ. ಕೂಸು ದೊಡ್ಡದಾದ್ರ ತ್ರಾಸು ಅಂತ ಬಡಸೂವಾಗ ನಾನೇ ಕೈ ಬಿಗಿ ಹಿಡಿದಿದ್ದೆ."

ಗುರುಗಳು ಕೂಸನ್ನು ಜೋಲಿಯಿಂದ ಎತ್ತಿಕೊಂಡರು.

"ಈಕಿಗೆ ಮುಂದ ಆ ಬ್ಯಾನಿ ಬರತೈತೇನ್ರಿ?" ಕಲ್ಮೇಶ ಕೇಳಿದ.

"ಬಂದ್ರೂ ಬರಬಹುದು. ನೋಡಾಕ ನಾ ಇರಂಗಿಲ್ಲ. ಪುಸ್ತಕ ತಗಿ, ಬರಿ."

ತೂಕ ಬರೆದ. ಕೊನೆಯ ಅಂಕಣಕ್ಕೆ ಬಂದು ಕೈ ನಿಂತಿತು. ಬಾಣಂತಿ ಕೋಣೆಯ ಕಡೆ ತಿರುಗಿ, ಮೊದಲ ಸಲ ಕೇಳಿದ: "ನೀಲಾ, ಇಷ್ಟು ದಿನ ಏನ್ ಉಣ್ತಿದ್ದಿ?"

ಒಳಗಿನಿಂದ ದನಿ ಬಂತು.

"ನೀವೆಲ್ಲಾ ಉಂಡು ಉಳಿದದ್ದು."

ಕಲ್ಮೇಶ ಗುರುಗಳ ಮುಖ ನೋಡಿದ.

"ಹಾಂಗ ಬರಿ," ಎಂದರು ಗುರುಗಳು. "ಬರದು, ಬಸುರಿ ಇರೋ ಮನಿಮನಿಗೂ ಹೋಗಿ ಓದಿ ಹೇಳು."