ಉಪ್ಪು ದಾರಿಯಲ್ಲಿದೆ

ಗದಗಿನ ಖಾನಾವಳಿಯಲ್ಲಿ ಅಡಿವೆಪ್ಪ ರೊಟ್ಟಿ ಬಡಿಯುತ್ತಿದ್ದರೆ, ಹುಣ್ಣಿಮೆಯ ಚಂದ್ರ ಅಂಗಳದ ಮೇಲೆ ಒಂದು ಗಳಿಗೆ ನಿಂತು ತನ್ನ ಅಂಚು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದ.

ಅಡಿವೆಪ್ಪ ನಮ್ಮ ಪೈಕಿಯವನು. ಹಾಗಾಗಿ ಸ್ವಲ್ಪ ಕಡಿಮೆ ಮಾಡಿಯೇ ಹೇಳಬೇಕಾಗುತ್ತದೆ.

ಜೋಳದ ಹಿಟ್ಟು, ಕುದಿಯುವ ನೀರು, ಎರಡು ಅಂಗೈ. ಅವನ ಸಾಮಾನು ಇಷ್ಟೇ. ಇಷ್ಟರಲ್ಲೇ ಊರನ್ನೆಲ್ಲ ಕಟ್ಟಿಹಾಕಿದ್ದ.

ಒಮ್ಮೆ ಗುಡಿಯ ಕಂಬಗಳನ್ನು ನೋಡಲು ಇಟಲಿಯಿಂದ ಬಂದ ಪ್ರವಾಸಿಯೊಬ್ಬ ಅಲ್ಲಿ ಉಣ್ಣಲು ಕೂತ. ಎಣಿಸುವವರು ಎಣಿಸುವುದನ್ನು ಬಿಟ್ಟರೂ ಅವನು ಉಣ್ಣುವುದನ್ನು ಬಿಡಲಿಲ್ಲ. ಕೊನೆಗೆ ಕೈ ತೊಳೆದುಕೊಂಡು, ಇಂಥ ರೊಟ್ಟಿ ಮಾಡುವ ಕೈ ಲೋಕದಲ್ಲಿ ಇನ್ನೊಂದೇ ಇದೆ, ಅದು ನಮ್ಮ ಸೀಮೆಯ ಗುಡ್ಡದ ಮೇಲಿದೆ ಅಂದ.

ಹೊಗಳಿಕೆಯ ಮೊದಲರ್ಧ ಅಡಿವೆಪ್ಪನಿಗೆ ಹಿಡಿಸಿತು. ಉಳಿದರ್ಧ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿತು.

ಆ ಇನ್ನೊಂದು ಕೈಯನ್ನು ನೋಡಲು ಅವನು ಹೊರಟ.

ಕೈಯ ಹೆಸರು ಎರ್ಸೀಲಿಯಾ. ವಯಸ್ಸಾದ ಹೆಂಗಸು. ಆಕೆಯ ಬಿಡಾರ ಅಂದರೆ ಗುಡ್ಡದ ಮೇಲೊಂದು ಕಲ್ಲಿನ ಮನೆ, ಹಿತ್ತಿಲಲ್ಲಿ ಒಂದು ಕಟ್ಟಿಗೆ ಒಲೆ, ಕೆಳಗೆ ಹೊಳೆ. ಹೊಳೆಯಿಂದ ಮನೆಗೆ ಒಂದೇ ಕಾಲುದಾರಿ.

ಬಾಗಿಲಲ್ಲಿ ನಿಂತವನನ್ನು ಆಕೆ ಮೇಲೆ ಕೆಳಗೆ ನೋಡಿ, ಅವನ ಅಂಗೈ ತಿರುಗಿಸಿ ನೋಡಿ, ಒಳಗೆ ಬಿಟ್ಟುಕೊಂಡಳು.

ಮೊದಮೊದಲು ಇಬ್ಬರೂ ಕೈಸನ್ನೆಯಲ್ಲೇ ಜಗಳವಾಡಿದರು. ಆಮೇಲೆ ಅವನಿಗೆ ಮಾತು ಬಂತು. ಕಥೆ ನಮ್ಮ ಕಡೆ ತಲುಪುವಷ್ಟರಲ್ಲಿ ಆಕೆಯ ಮಾತೂ ನಮ್ಮ ಮಾತೇ ಆಗಿಬಿಟ್ಟಿದೆ.

ಆಕೆಯ ರೊಟ್ಟಿ ನಮ್ಮದರಂತೆ ತೆಳ್ಳಗಿರಲಿಲ್ಲ. ಗೋದಿ ಹಿಟ್ಟನ್ನು ಹುಳಿ ಬರಿಸಿ, ಬೆಂಕಿಯ ಗೂಡಿನಲ್ಲಿ ಬೇಯಿಸಿದ, ತೊಟ್ಟಿಲ ಕೂಸಿನಷ್ಟು ದಪ್ಪದ ರೊಟ್ಟಿ. ಅಡಿವೆಪ್ಪ ಒಂದು ತುಂಡು ಮುರಿದು ಬಾಯಿಗಿಟ್ಟ. ಅಗಿದ. ಕಾದ. ಏನೂ ಬರಲಿಲ್ಲ.

ಉಪ್ಪೇ ಇರಲಿಲ್ಲ.

ಪಾಪ, ವಯಸ್ಸಾಯಿತು, ಮರೆತಿರಬೇಕು ಅಂದುಕೊಂಡ. ಮುಂದಿನ ವಾರವೂ ಮರೆತಿದ್ದಳು. ಅದರ ಮುಂದಿನ ವಾರವೂ.

ಮಾತು ಕಲಿತ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಇದೇ.

"ಅವ್ವಾರ, ರೊಟ್ಟಿಗೆ ಉಪ್ಪು ಎಲ್ಲೈತ್ರಿ?"

"ದಾರಿಯೊಳಗೈತಿ," ಅಂದಳು ಎರ್ಸೀಲಿಯಾ.

ಅಡಿವೆಪ್ಪ ದಾರಿ ಕಾದ. ಅಂಚೆಯವನು ಬಂದು ಹೋದ. ಒಂದು ಆಡು ಬಂತು, ನಮ್ಮ ತುಳಸಿಯ ತಂಗಿಯಂತಿರುವ ಬೇಸಿಲ್ ಗಿಡವನ್ನು ಮೇದು ಹೋಯಿತು. ಉಪ್ಪಿನ ಚೀಲ ಹೊತ್ತವರು ಯಾರೂ ಬರಲಿಲ್ಲ.

ವಸಂತದಲ್ಲಿ ಆಕೆ ಅಲ್ಲಿಯ ದಪ್ಪ ಅವರೆಯನ್ನು ಹಸಿಯಾಗಿಯೇ ಸುಲಿದು, ಕುರಿ ಹಾಲಿನ ಚೀಸ್ ಜೊತೆ ರೊಟ್ಟಿಗೆ ಕೊಟ್ಟಳು. ಬೇಸಿಗೆಯಲ್ಲಿ, ಒಣಗಿ ಕಲ್ಲಾದ ರೊಟ್ಟಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಟೊಮೆಟೊ, ಉಳ್ಳಾಗಡ್ಡಿ, ಬೇಸಿಲ್ ಎಲೆ ಹಾಕಿ ಕಲಸಿದಳು. ಅಡಿವೆಪ್ಪನಿಗೆ ರೊಟ್ಟಿ ಜಜ್ಜಿ ಮಾಡುವ ನಮ್ಮ ಮುಟಗಿಯ ನೆನಪಾಗಿ ಕಣ್ಣು ಒದ್ದೆಯಾಯಿತು. ಉಳ್ಳಾಗಡ್ಡಿ ಅಂದ.

ಟೊಮೆಟೊ ಮುಗಿದ ದಿನ ಆ ಅಡುಗೆಯೂ ಮುಗಿಯಿತು. ಅದನ್ನೇ ಇನ್ನೊಮ್ಮೆ ಮಾಡಿಕೊಡು ಅಂತ ಅವನು ಕೇಳಿದಾಗ ಆಕೆ ಹಿತ್ತಿಲ ಬರಿ ಬಳ್ಳಿಯ ಕಡೆ ಕೈ ತೋರಿಸಿ, ನನಗೇಕೆ ಕೇಳುತ್ತೀ, ಅದನ್ನು ಕೇಳು ಅಂದಳು.

ಉಣ್ಣಲು ಕೂತಾಗಲೆಲ್ಲ ಅಡಿವೆಪ್ಪನದು ಒಂದೇ ಪದ್ಧತಿ. ಮೊದಲು ರೊಟ್ಟಿಯ ತುಂಡೊಂದನ್ನು ಬರಿದಾಗಿಯೇ ಬಾಯಿಗೆ ಹಾಕಿಕೊಳ್ಳುವುದು. ಅಗಿಯುವುದು. ಮುಖ ಹಿಂಡುವುದು.

ಎರ್ಸೀಲಿಯಾ ಒಂದು ದಿನ ಅಂದಳು, "ಬೀಗರು ಬರೂಕಿಂತ ಮೊದಲ ಎದ್ದು ಹೋಗಿ, ಮದುವಿಗೆ ಯಾರೂ ಬಂದಿಲ್ಲ ಅಂತೀಯಲ್ಲೊ ತಮ್ಮಾ."

ಅಡಿವೆಪ್ಪನಿಗೆ ತಿಳಿಯಲಿಲ್ಲ. ತಿಳಿದವನ ಹಾಗೆ ತಲೆಯಾಡಿಸಿದ. ಆ ವಿದ್ಯೆ ನಮ್ಮ ಪೈಕಿಯವರಿಗೆ ಹುಟ್ಟುತ್ತಲೇ ಬರುತ್ತದೆ.

ಚಳಿ ಹತ್ತಿರವಾಯಿತು. ಆಲಿವ್ ಕಾಯಿ ಬಲಿತವು. ಕಾಯಿ ಹೊತ್ತುಕೊಂಡು ಗಾಣಕ್ಕೆ ಹೋದಾಗ ಗಾಣದ ನೆಲ್ಲೊ ಅವನಿಗೆ ಒಂದು ಸಂಗತಿ ಹೇಳಿದ.

ಎರ್ಸೀಲಿಯಾಗೆ ಒಬ್ಬಳು ತಂಗಿ, ಡೆರ್ನಾ. ಹೊಳೆಯಾಚೆಯ ಗುಡ್ಡದಲ್ಲಿ ಅವಳ ಮನೆ. ಹಂದಿಯ ತೊಡೆಯನ್ನು ಉಪ್ಪಿನಲ್ಲಿ ಹೂತಿಟ್ಟು, ಗಾಳಿಗೆ ತೂಗಿಬಿಟ್ಟು ಒಣಗಿಸುವುದರಲ್ಲಿ ಅವಳದು ಎತ್ತಿದ ಕೈ. ಹಿಂದೆ ಯಾವಾಗಲೋ ಅಕ್ಕನ ಮನೆಯ ಊಟದಲ್ಲಿ ಆ ಮಾಂಸ ತಿಂದು ಅಕ್ಕ ಒಂದು ಮಾತು ಅಂದಳಂತೆ. ಉಪ್ಪಾಗಿದೆ ಅಂತ. ಡೆರ್ನಾ ತೊಡೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಳಿದು ಹೋದವಳು ಮತ್ತೆ ಈ ಗುಡ್ಡ ಹತ್ತಿಲ್ಲ.

ಅಕ್ಕ ಈ ಗುಡ್ಡದಲ್ಲಿ, ತಂಗಿ ಆ ಗುಡ್ಡದಲ್ಲಿ. ನಡುವೆ ಒಂದು ಹೊಳೆ, ಒಂದು ಮಾತು.

ಈ ವರ್ಷ ಡೆರ್ನಾ ನೆಲ್ಲೊನ ಕೈಯಲ್ಲಿ ಹೇಳಿಕಳಿಸಿದ್ದಳು. ಹೊಸ ಎಣ್ಣೆಯ ಊಟಕ್ಕೆ ಬರುತ್ತೇನೆ, ತೊಡೆಯನ್ನೂ ತರುತ್ತೇನೆ ಅಂತ.

ಸುದ್ದಿ ಕೇಳಿ ಎರ್ಸೀಲಿಯಾ, ಬರಲಿ ಅಂದಳು, ಅಷ್ಟೇ. ಆದರೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಮೇಜಿಗೆ ಬಟ್ಟೆ ಹಾಸಿದಳು, ತೆಗೆದಳು, ಅದನ್ನೇ ಮತ್ತೆ ಹಾಸಿದಳು.

ಆಕೆಯ ಭುಜಕ್ಕೆ ಚಳಿಯ ನೋವು ಹಿಡಿದಿತ್ತು.

"ಈ ಸಲ ಹಿಟ್ಟು ನೀನ ನಾದು. ನಾ ನಾದಿದಂಗ ನಾದು," ಅಂದಳು.

ಇಷ್ಟು ತಿಂಗಳಲ್ಲಿ ಆಕೆ ಹಿಟ್ಟಿನ ಪೆಟ್ಟಿಗೆ ಅವನ ಕೈಗೆ ಬಿಟ್ಟದ್ದು ಇದೇ ಮೊದಲು.

ಅಡಿವೆಪ್ಪ ತೋಳು ಏರಿಸಿದ. ಹಿಟ್ಟಿಗೆ ನೀರು ಬಿಟ್ಟ. ಕೈ ಅಲ್ಲಿಗೇ ನಿಂತಿತು.

ಮುನಿಸಿಕೊಂಡು ಹೋದ ತಂಗಿ ವರ್ಷಗಳಾದ ಮೇಲೆ ತವರಿನಂಥ ಮನೆಗೆ ಬರುತ್ತಿದ್ದಾಳೆ. ಅವಳಿಗೆ ಸಪ್ಪೆ ರೊಟ್ಟಿ ಬಡಿಸುವುದೇ? ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆ ಅಂತಾರೆ ನಮ್ಮಲ್ಲಿ. ಉಪ್ಪೇ ಇಕ್ಕದಿದ್ದರೆ ನೆನೆಯುವುದಾದರೂ ಏನನ್ನು?

ಅವನು ಒಂದು ಹಿಡಿ ಉಪ್ಪು ಹಾಕಿದ. ಪ್ರೀತಿಗೆ ಅಂತ ಇನ್ನೊಂದಿಷ್ಟು ಹಾಕಿದ. ಗಂಟಲಿನ ಆ ಹಳೆಯ ಮುಳ್ಳು ಸ್ವಲ್ಪ ಅಲುಗಿತು, ಅದಕ್ಕೂ ಒಂದು ಚಿಟಿಕೆ ಹಾಕಿದ.

ಅಡಿವೆಪ್ಪ ಮಾಂಸ ತಿನ್ನುವವನಲ್ಲ. ಡೆರ್ನಾಳ ತೊಡೆಯಲ್ಲಿ ಉಪ್ಪು ಎಷ್ಟಿರುತ್ತದೆಂದು ಅವನ ನಾಲಗೆಗೆ ಗೊತ್ತಿರಲಿಲ್ಲ.

ಭಾನುವಾರ ಡೆರ್ನಾ ಕೋಲೂರಿಕೊಂಡು ಬಂದಳು. ಕಂಕುಳಲ್ಲಿ ಬಟ್ಟೆ ಸುತ್ತಿದ ತೊಡೆ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡದೆ, ಈ ಸಲ ಚಳಿ ಬೇಗ ಬಂತು ಅಂತ ಮಾತಾಡಿಕೊಂಡರು.

ಬೆಂಕಿಯ ಮೇಲೆ ರೊಟ್ಟಿಯ ಹೋಳು ಸುಟ್ಟು, ಬೆಳ್ಳುಳ್ಳಿ ತಿಕ್ಕಿ, ಹೊಸ ಎಣ್ಣೆ ಸುರಿದರು. ಹಸಿರು ಎಣ್ಣೆ, ಗಂಟಲು ಚುರುಗುಟ್ಟಿಸುವಂಥದ್ದು. ಊಟಕ್ಕೆ ಬಂದಿದ್ದ ನೆಲ್ಲೊ ಮೊದಲ ಹೋಳು ತಿಂದ. ಎರಡನೆಯದನ್ನು ಅದು ಮುಗಿಯುವ ಮೊದಲೇ ಕೈಗೆತ್ತಿಕೊಂಡ. ಎರ್ಸೀಲಿಯಾ, ನಿನ್ನ ರೊಟ್ಟಿ ಇಷ್ಟು ವರ್ಷ ಮೂಕವಾಗಿತ್ತು, ಇವತ್ತು ಮಾತಾಡುತ್ತಿದೆಯಲ್ಲ ಅಂದ.

ಅಡಿವೆಪ್ಪನ ಎದೆ ಉಬ್ಬಿತು. ಅಂಗಿಯ ಗುಂಡಿ ಹಾರಿ ಹೊಳೆಯಲ್ಲಿ ಬಿದ್ದ ಸದ್ದು ಕೇಳಿದವರಿದ್ದಾರೆ.

ಡೆರ್ನಾ ತೊಡೆಯನ್ನು ಬಿಚ್ಚಿದಳು. ಆಚೆ ಬದಿ ಕಾಣುವಷ್ಟು ತೆಳ್ಳಗೆ ಹೆರೆದಳು. ಮೊದಲ ಎಸಳನ್ನು ರೊಟ್ಟಿಯ ಮೇಲಿಟ್ಟು ಅಕ್ಕನಿಗೆ ಕೊಟ್ಟಳು.

ಎರ್ಸೀಲಿಯಾ ಅಗಿದಳು. ಅಗಿಯುವುದು ನಿಧಾನವಾಯಿತು. ಒಮ್ಮೆ ಅಡಿವೆಪ್ಪನ ಕಡೆ ನೋಡಿದಳು. ಏನೂ ಅನ್ನಲಿಲ್ಲ.

ಆಕೆ ಏನೂ ಅನ್ನದ್ದನ್ನು ಡೆರ್ನಾ ಕೇಳಿಸಿಕೊಂಡಳು.

ತಾನೂ ಒಂದು ತುತ್ತು ತಿಂದು ನೋಡಿದಳು. ಬಾಯಿ ನಿಂತಿತು. ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡಿದಳು.

"ನೀ ಅವತ್ತ ಅಂದಿದ್ದು ಖರೆ ಅಕ್ಕಾ. ನನ್ನ ಕೈ ತಪ್ಪೈತಿ."

ಇದೇ ಕೊನೆಯ ತೊಡೆ, ಇನ್ನು ಮಾಡುವುದಿಲ್ಲ ಅಂತ ಮೆಲ್ಲಗೆ ಹೇಳುತ್ತ ಅವಳು ಬಟ್ಟೆ ಸುತ್ತತೊಡಗಿದಳು.

ಇತ್ತ ನೆಲ್ಲೊ ಇನ್ನೊಂದು ಹೋಳಿಗೆ ಎಣ್ಣೆ ಸುರಿಯುತ್ತ, ಏನು ಮಾಡಿದೆಯೋ ಮಾರಾಯ ಈ ರೊಟ್ಟಿಗೆ, ನಿನ್ನ ದೇಶದ ಮಂತ್ರವೇನಾದರೂ ಇದೆಯೇ ಅಂತ ಅಡಿವೆಪ್ಪನ ಬೆನ್ನು ತಟ್ಟುತ್ತಿದ್ದ.

ಅಡಿವೆಪ್ಪ ಎರ್ಸೀಲಿಯಾಳ ಮುಖ ನೋಡಿದ. ಆಕೆ ಮೇಜಿನ ಬಟ್ಟೆಯ ಮಡಿಕೆ ಸರಿಮಾಡುತ್ತಿದ್ದಳು. ಹೇಳಬೇಕಾದ್ದನ್ನು ಆಕೆ ಹೇಳುವುದಿಲ್ಲ ಎಂದು ಅವನಿಗೆ ತಿಳಿಯಿತು. ತಂಗಿ ಇಳಿದು ಹೋದರೂ ಹೇಳುವುದಿಲ್ಲ.

"ಕೈ ತಪ್ಪಿದ್ದು ನಂದ್ರಿ," ಅಂದ ಅಡಿವೆಪ್ಪ. "ರೊಟ್ಟಿಗೆ ಉಪ್ಪು ಹಾಕೀನಿ."

ಬೆನ್ನು ತಟ್ಟುತ್ತಿದ್ದ ಕೈಯನ್ನು ನೆಲ್ಲೊ ಮೆಲ್ಲಗೆ ತೆಗೆದುಕೊಂಡ.

ಎರ್ಸೀಲಿಯಾ ಎದ್ದು ಹಿಟ್ಟಿನ ಪೆಟ್ಟಿಗೆಯ ತಳದಿಂದ ಕಳೆದ ವಾರದ ಸಪ್ಪೆ ರೊಟ್ಟಿಯ ತುಂಡೊಂದನ್ನು ತೆಗೆದಳು. ಬಾಗಿಲಿಗೆ ಬಡಿದರೆ ಬಾಗಿಲೇ ಒಡೆಯಬೇಕು, ಅಷ್ಟು ಗಟ್ಟಿ. ಅದನ್ನು ನೀರಿಗೆ ತೋರಿಸಿ, ಸುಟ್ಟು, ಎಣ್ಣೆ ಬಿಟ್ಟು, ಅರ್ಧ ಸುತ್ತಿದ ಬಟ್ಟೆಯನ್ನು ತಾನೇ ಬಿಚ್ಚಿ, ಒಂದು ಎಸಳು ಹೆರೆದು ಮೇಲಿಟ್ಟು ತಂಗಿಗೆ ಕೊಟ್ಟಳು.

ಡೆರ್ನಾ ತಿಂದಳು. ಕಣ್ಣು ಮುಚ್ಚಿಕೊಂಡು ತಿಂದಳು.

ತುತ್ತು ನುಂಗಿ ಕೇಳಿದಳು, "ಹಂಗಾದ್ರ ಅವತ್ತ?"

"ಅವತ್ತ ಉಪ್ಪಾಗಿತ್ತು," ಅಂದಳು ಅಕ್ಕ. "ಇವತ್ತಿಲ್ಲ."

ಡೆರ್ನಾಗೆ ನಗು ಬಂತು. ನಗುತ್ತಲೇ ಕೆನ್ನೆ ಒರೆಸಿಕೊಂಡಳು. ಆದರೆ ಹೊತ್ತು ಇಳಿಯುವ ಮೊದಲು ಹೊರಟಾಗ, ಮತ್ತೆ ಬರುತ್ತೇನೆ ಅನ್ನಲಿಲ್ಲ. ಬಾ ಅಂತ ಅಕ್ಕನೂ ಕರೆಯಲಿಲ್ಲ. ತೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಇಳಿದು ಹೋದಳು.

ಅಡಿವೆಪ್ಪ ಉಳಿದ ಉಪ್ಪಿನ ರೊಟ್ಟಿಯನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತ. ಇದನ್ನು ಏನು ಮಾಡಲಿ ಅಂದ. ನೆಲ್ಲೊಗೆ ಕೊಡು, ಅವನಿಗೆ ಗಾಣದ ಎತ್ತಿನ ಹಸಿವು ಅಂದಳು ಎರ್ಸೀಲಿಯಾ. ಬೈಯಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಬೂದಿ ಕೆದಕುತ್ತ ಆಕೆ ಕೇಳಿದಳು, "ನಿಮ್ಮವ್ವ ರೊಟ್ಟಿಗೆ ಏನೇನ ಹಾಕತಾಳೊ?"

"ಜ್ವಾಳದ ಹಿಟ್ಟು. ಕುದಿಯೊ ನೀರು."

"ಮತ್ತ?"

ಅಡಿವೆಪ್ಪ ಬೆರಳು ಮಡಿಚಿ ಎಣಿಸಿದ. ಎರಡೇ.

ಗದಗಿನ ತಾಟು ಕಣ್ಣ ಮುಂದೆ ಬಂದು ನಿಂತಿತು. ಬದನೆಯ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು. ನಡುವೆ ರೊಟ್ಟಿ. ಚಂದ್ರನೇ ಬಂದು ಅಂಚು ನೋಡಿಕೊಂಡು ಹೋಗುತ್ತಿದ್ದ ಆ ರೊಟ್ಟಿಗೆ ಅವನ ಅವ್ವನೂ ಉಪ್ಪು ಹಾಕಿದವಳಲ್ಲ, ಅವನೂ ಹಾಕಿದವನಲ್ಲ. ಉಪ್ಪು ಎಲ್ಲಿ ಅಂತ ಊರಲ್ಲಿ ಯಾರೂ ಕೇಳಿರಲಿಲ್ಲ.

ಅವತ್ತು ಅವನು ಮತ್ತೆ ಮಾತಾಡಲಿಲ್ಲ. ನಮ್ಮ ಪೈಕಿಯಲ್ಲಿ ಅಂಥದ್ದು ಅದೇ ಮೊದಲು, ಈವರೆಗೆ ಅದೇ ಕೊನೆ.

ಮುಂದಿನ ಭಾನುವಾರಕ್ಕೆ ಅವನೇ ನಾದಿದ. ಆಕೆ ನಾದಿದ ಹಾಗೆ ನಾದಿದ. ರೊಟ್ಟಿ ಬೆಂದು ಬಂತು. ಮಣ್ಣಿನ ಗಡಿಗೆಯಲ್ಲಿ ಬೆಂದ ಬಿಳಿ ಕಾಳನ್ನು ಮೇಜಿಗೆ ತಂದಿಟ್ಟ. ಎರಡು ತಾಟು ಹಾಕಿದ.

ಹಸಿವಾಗಿತ್ತು. ಕೈ ತನ್ನಷ್ಟಕ್ಕೆ ರೊಟ್ಟಿಯ ಕಡೆ ಹೋಯಿತು. ಅಂಚಿಗೆ ತಾಗಿ ನಿಂತಿತು. ಹಿಂದಕ್ಕೆ ಬಂತು.

ಎರ್ಸೀಲಿಯಾ ಕಿಟಕಿಯ ಬಳಿ ಕೂತಿದ್ದಳು. ಕಾಲುದಾರಿಯ ತುಂಬ ಮಂಜು. ಹೊಳೆಯೂ ಕಾಣುತ್ತಿರಲಿಲ್ಲ.

"ಕಾಳು ಆರತಾವ್ರಿ ಅವ್ವಾರ," ಅಂದ ಅಡಿವೆಪ್ಪ. "ಉಣ್ಣೂಣೇನ್ರಿ?"

ಆಕೆ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದಳು. ಮಂಜಿನೊಳಗೆ ಎಲ್ಲೋ ಕೆಳಗೆ, ಕಲ್ಲಿನ ಮೇಲೆ ಕೋಲೂರಿದ ಸದ್ದು. ನಿಂತಿತು. ಮತ್ತೆ ಕೇಳಿಸಿತು, ಒಂದು ಮೆಟ್ಟಿಲು ಮೇಲೆ.

"ಇನ್ನೊಂದು ತಾಟು ಇಡು ತಮ್ಮಾ," ಅಂದಳು ಎರ್ಸೀಲಿಯಾ. "ಉಪ್ಪು ಬಂತು."